ನನ್ನ ಬೆನ್ನು ನನಗೆ ಕಂಡಿತು

ಸುಳ್ಳು ಹೇಳುವವರನ್ನು ಕಂಡರೆ ನನಗಾಗದು. ಹಾಗಾಗಿ ನನ್ನ ತಲೆಯೇ ನನಗೆ ಸುಳ್ಳು ಹೇಳಿದೆ ಎಂದು ಗೊತ್ತಾದಾಗ ಮೈಯೆಲ್ಲ ಉರಿದುಹೋಯಿತು.

ಪ್ರೆಸ್ಸಿನಲ್ಲಿ ನನ್ನದು ಹಾಳೆ ಮಡಚುವ ಕೆಲಸ. ಎದುರಿಗೇ ಕಟಿಂಗ್ ಮಷೀನು. ಅದನ್ನು ನಡೆಸುವವನಿಗೆ ಸೀಟಿ ಎಂದೇ ಹೆಸರು. ದಿನವಿಡೀ ಸೀಟಿ ಹೊಡೆಯುತ್ತಿದ್ದ, ಅದೂ ಶ್ರುತಿ ತಾಳ ಒಂದೂ ಇಲ್ಲದೆ. ಮಳೆಗಾಲದ ಒಂದು ಬೆಳಿಗ್ಗೆ ಆ ಸೀಟಿ ಅರ್ಧಕ್ಕೇ ನಿಂತಿತು. ತಲೆ ಎತ್ತಿ ನೋಡಿದರೆ ಬ್ಲೇಡು ಅವನ ಎರಡು ಬೆರಳು ಕತ್ತರಿಸಿತ್ತು.

ಬ್ಲೇಡಿಗೆ ಕೈ ಹೋಗದಂತೆ ಮುಂದೆ ಕಬ್ಬಿಣದ ಜಾಲರಿ ಇರಬೇಕು. ಅವತ್ತು ಇರಲಿಲ್ಲ. ಕೆಲಸ ಬೇಗ ಮುಗಿಯಲೆಂದು ಸೀಟಿಯೇ ಬಿಚ್ಚಿದ ಎಂದರು ಮ್ಯಾನೇಜರ್. ಅದು ನಿಜವೆಂದಾದರೆ ಅವನ ಕೆಲಸವೂ ಹೋಯಿತು, ಪರಿಹಾರವೂ ಹೋಯಿತು. ವಿಚಾರಣೆಗೆ ಸಾಕ್ಷಿ ನಾನೊಬ್ಬಳೇ.

"ನೀನು ನೋಡಿದ್ದನ್ನ ಹೇಳಮ್ಮ, ಸಾಕು," ಎಂದರು ಮ್ಯಾನೇಜರ್, ಬೆಣ್ಣೆಯಂಥ ದನಿಯಲ್ಲಿ.

ನೋಡಿದ್ದೆನಲ್ಲ! ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ನೀಲಿ ಅಂಗಿ ತೊಟ್ಟ ಸೀಟಿ ಸ್ಪ್ಯಾನರ್ ಹಿಡಿದು ಬಗ್ಗುತ್ತಾನೆ, ಜಾಲರಿ ಬಿಚ್ಚಿ ಗೋಡೆಗೆ ಒರಗಿಸುತ್ತಾನೆ, ಇತ್ತ ನಾನು ಹಾಳೆ ಮಡಚುತ್ತಿದ್ದೇನೆ. ಅವನು ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮನೆಗೆ ಬಂದು, "ನಾನು ಬಿಚ್ಚಿಲ್ಲ ಕಣಕ್ಕಾ. ನಾ ಬರೋಷ್ಟರಲ್ಲೇ ಅದು ಇರ್ಲಿಲ್ಲ. ಕೇಳಿದ್ದಕ್ಕೆ, ಇವತ್ತು ಹಾಗೇ ನಡೆಸು ಅಂದ್ರು ಮ್ಯಾನೇಜರ್ರು," ಎಂದಾಗ, "ಕಣ್ಣಾರೆ ಕಂಡಿದೀನಿ, ನನ್ನ ಹತ್ರ ನಾಟಕ ಬೇಡ," ಎಂದು ಮುಖದ ಮೇಲೇ ಹೇಳಿ ಕಳಿಸಿದೆ.

ವಿಚಾರಣೆಯ ದಿನ ಬೆಳಿಗ್ಗೆ ನನ್ನ ತಮ್ಮ ಮನೆಗೆ ಬಂದಿದ್ದ. ಬಂದವನೇ ಹಳೇ ಜಗಳ ತೆಗೆದ. ಚಿಕ್ಕಂದಿನಲ್ಲಿ ಕನ್ನಡಿ ಒಡೆದು ಅಮ್ಮನ ಕೈಲಿ ಏಟು ತಿಂದದ್ದು ತಾನು ಅಂತ ಅವನು, ನಾನು ಅಂತ ನಾನು. ಅಮ್ಮ ರೋಸಿಹೋದಳು.

"ಸುಮ್ನಿರ್ರೋ ಸಾಕು! ಒಡೆದದ್ದು ನಿಮ್ಮ ದೊಡ್ಡಮ್ಮನ ಮಗ, ತಿಂದದ್ದೂ ಅವನೇ. ನೀವಿಬ್ರೂ ಆವತ್ತು ಮನೇಲೇ ಇರ್ಲಿಲ್ಲ. ನಾನು ಹೇಳಿದ್ದನ್ನ ಕೇಳಿ ಕೇಳಿ ನಿಮ್ದೇ ಮಾಡ್ಕೊಂಡಿದೀರ."

ತಮ್ಮ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ಆ ಏಟಿನ ಉರಿ ನನ್ನ ಕೆನ್ನೆಗೆ ಈಗಲೂ ನೆನಪಿದೆಯಲ್ಲ! ಕಣ್ಣು ಮುಚ್ಚಿ ಸೀಟಿಯನ್ನು ನೆನೆದೆ. ನೀಲಿ ಅಂಗಿ, ಸ್ಪ್ಯಾನರ್, ಜಾಲರಿ. ಈ ಕಡೆ ನಾನು, ನನ್ನ ಜಡೆ, ಜಡೆಯ ಕೆಳಗೆ ನನ್ನ ಬೆನ್ನು.

ನನ್ನ ಬೆನ್ನು ನನಗೆ ಹೇಗೆ ಕಂಡೀತು?

ಆಗ ಹೊಳೆಯಿತು. ಅಪಘಾತವಾದ ಮೇಲೆ, ಎಲ್ಲರಿಗೂ ಪಾಠವಾಗಲಿ ಎಂದು ಮ್ಯಾನೇಜರ್ ಒಂದು ವಿಡಿಯೋ ಮಾಡಿಸಿದ್ದರು. ಗುಮಾಸ್ತನಿಗೆ ನೀಲಿ ಅಂಗಿ ತೊಡಿಸಿ ಸೀಟಿಯ ಪಾತ್ರ ಮಾಡಿಸಿದ್ದರು, ನನ್ನನ್ನು ನನ್ನ ಜಾಗದಲ್ಲೇ ಕೂರಿಸಿದ್ದರು. ಕ್ಯಾಮೆರಾ ಇದ್ದದ್ದು ನನ್ನ ಹಿಂದೆ. ವಾರ ವಾರವೂ ಅದನ್ನು ಊಟದ ಕೋಣೆಯಲ್ಲಿ ಹಾಕುತ್ತಿದ್ದರು. ನಾನು ಕಂಡದ್ದು ಸೀಟಿಯನ್ನಲ್ಲ, ಗುಮಾಸ್ತನನ್ನು. ಥೂ! ನನ್ನ ತಲೆಯೊಳಗೆ ಬಂದು ಪಾತ್ರೆ ಪಗಡ ಜೋಡಿಸಿಟ್ಟು ಹೋಗಿದ್ದಾರೆ, ನಾನು ನನ್ನದೇ ಸಂಸಾರ ಅಂದುಕೊಂಡಿದ್ದೇನೆ.

ಹೊರಡುವಾಗ ಅಮ್ಮ ಕೊಡೆ ಕೊಟ್ಟಳು. "ಈ ಗ್ರೀಸು ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ ನೋಡು. ಆ ಹುಡುಗನ ಬೆರಳು ಹೋದ ದಿನ ನೀನು ಹಚ್ಕೊಂಡು ಬಂದೆ. ಎಲ್ಲಿ ನೇತುಹಾಕಿದ್ಯೋ ಏನೋ."

ಎಲ್ಲಿ? ಕೊಡೆಯ ಹಿಡಿ ಕೈಗೆ ಬಂದದ್ದೇ ತಡ, ಅವತ್ತಿನ ಬೆಳಿಗ್ಗೆಯೂ ಬಂತು. ಪ್ರೆಸ್ಸಿಗೆ ನಾನೇ ಮೊದಲು ಬಂದಿದ್ದೆ. ಕೊಡೆಯಿಂದ ನೀರು ಸುರಿಯುತ್ತಿತ್ತು. ಬಾಗಿಲ ಪಕ್ಕ ಗೋಡೆಗೆ ಒರಗಿದ್ದ ಜಾಲರಿಗೆ ಅದನ್ನು ಸಿಕ್ಕಿಸಿದ್ದೆ. ಸೀಟಿ ಇನ್ನೂ ಬಂದೇ ಇರಲಿಲ್ಲ. ಕೊಡೆಯ ಬಗ್ಗೆ ಯಾರೂ ಕೇಳಲಿಲ್ಲ, ಯಾರೂ ಮಾತಾಡಲಿಲ್ಲ, ನಾನೂ ಮರೆತೆ. ದಿನಾ ಬಾಯಲ್ಲಿ ಆಡಿದ್ದು ಮಾತ್ರ ತಲೆಯಲ್ಲಿ ಉಳಿದಿತ್ತು.

ವಿಚಾರಣೆಗೆ ಬಂದವರು ಒಬ್ಬ ಅಧಿಕಾರಿ ಮೇಡಂ. ಪಕ್ಕದಲ್ಲಿ ಮ್ಯಾನೇಜರ್. ಮೂಲೆಯಲ್ಲಿ ತಲೆ ತಗ್ಗಿಸಿಕೊಂಡು ಸೀಟಿ.

"ಇವನು ಬಿಚ್ಚಿದ್ದನ್ನ ನಾನು ನೋಡಿಲ್ಲ ಮೇಡಂ. ನೋಡಿದ್ದು ಇವರು ಮಾಡಿಸಿದ ವಿಡಿಯೋನ," ಎಂದೆ.

ಮ್ಯಾನೇಜರ್ ಮುಖ ಇಂಗು ತಿಂದ ಮಂಗನಂತಾಯಿತು. "ನಿನ್ನೆವರೆಗೂ ನೋಡಿದೀನಿ ಅಂತಿದ್ದೆ! ಮೇಡಂ, ಈಕೆಗೆ ಮರೆವು. ಇವಳ ಮಾತು ಬರ್ಕೋಬೇಡಿ."

"ಮರೆವು ಇದೆ ಸ್ವಾಮಿ, ಎಲ್ಲರಿಗೂ ಇದೆ. ನಿಮ್ಮ ಕಥೆ ಹೊರೋಕೆ ನನ್ನ ತಲೆ ಏನು ನಿಮ್ಮ ಗೋಡೌನಾ?" ಎಂದವಳೇ ಕೊಡೆಯನ್ನು ಅವರ ಮೇಜಿನ ಮೇಲೇ ಬಿಚ್ಚಿದೆ. ಹನಿಗಳು ಅವರ ಕಾಗದದ ಮೇಲೆಲ್ಲ ಸಿಡಿದವು. ಬಟ್ಟೆಯ ಮೇಲೆ ಜಾಲರಿಯ ಅಚ್ಚು ಕಪ್ಪಗೆ, ಚೌಕ ಚೌಕವಾಗಿ ಬಿದ್ದಿತ್ತು. ಎಲ್ಲ ಹೇಳಿದೆ.

"ಈ ನೆನಪೂ ತಪ್ಪಾಗಿರಬಹುದಲ್ಲ?" ಎಂದರು ಮೇಡಂ.

"ಇರಬಹುದು. ಅದಕ್ಕೇ ಜಾಲರಿ ತಂದು ಅಳೆದು ನೋಡಿ. ಆದ್ರೆ ಈ ನೆನಪಲ್ಲಿ ನನ್ನ ಬೆನ್ನು ಕಾಣಲ್ಲ ಮೇಡಂ. ಒದ್ದೆಯಾದ ನನ್ನ ಕೈ ಕಾಣುತ್ತೆ."

ಜಾಲರಿ ತರಿಸಿದರು. ಚೌಕಕ್ಕೆ ಚೌಕ ಕೂತಿತು. ಸೀಟಿ ತಲೆ ಎತ್ತಿ ನನ್ನನ್ನೇ ನೋಡಿದ. "ಅವತ್ತು ನಿನ್ನ ನಂಬ್ಲಿಲ್ವಲ್ಲೋ," ಎಂದೆ. ನನಗೂ ಅಳು ಬಂತು. ಮೇಡಂ ಕೊಡೆಗೆ ಚೀಟಿ ಅಂಟಿಸಿ ತಮ್ಮ ಹತ್ತಿರವೇ ಇಟ್ಟುಕೊಂಡರು.

ನಾಳೆ ನನ್ನ ಕೆಲಸ ಇರುತ್ತದೋ ಇಲ್ಲವೋ, ನೋಡೋಣ. ಮಳೆಯಲ್ಲಿ ನಡೆದೇ ಬಂದೆ. ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತವಳನ್ನು ನೋಡಿ ಅಮ್ಮ ಬೈದಳು.

"ಕೊಡೆ ಎಲ್ಲೇ ಮರೆತು ಬಂದೆ?"

"ಮರೆತಿಲ್ಲಮ್ಮ," ಎಂದೆ. "ಬಿಟ್ಟು ಬಂದೆ."