ಎಡಗೈಯಣ್ಣ

ಕಾಯುತ್ತ ಕೂತವರ ಹೆದರಿಕೆ ಕಳೆಯಲೆಂದು ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿಗೆ ಒಂದು ಹಳೆಯ ವಿಡಿಯೋ ಗೇಮ್ ಮಶೀನು ಕೊಂಡರು. ಕಾಸು ಹಾಕಿ, ನಿಂತುಕೊಂಡು ಆಡುವಂಥದ್ದು, ಬೀರುವಿನಷ್ಟು ಎತ್ತರ. ಯಾವುದೋ ಗೋಡೌನಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಅದನ್ನು ರಿಪೇರಿ ಅಂಗಡಿಗೆ ತಂದು ಇಳಿಸಿದರು. ಅಂಗಡಿಯಲ್ಲಿ ವೈರು, ಪರದೆ, ಗುಂಡಿಗಳೆಲ್ಲ ಗಂಡನ ಪಾಲು. ಮರ, ಬಣ್ಣ, ಪ್ಲಾಸ್ಟಿಕ್ಕು ಹೆಂಡತಿಯದು.

"ಮಿಕ್ಕಿದ್ದು ನಿಮಗೆ ಬಿಟ್ಟಿದ್ದು," ಎಂದರು ಡಾಕ್ಟರು. "ಆದ್ರೆ ನೆತ್ತಿ ಮೇಲಿನ ಈ ಬೋರ್ಡು ಮಾತ್ರ ಪೂರ್ತಿ ಕೆರೆದುಬಿಡಿ. ಹುಳುಕು ಹಲ್ಲಿನ ಥರ ಇದೆ. ಕಂಪನಿಯ ಒರಿಜಿನಲ್ ಚಿತ್ರ ನಾನೇ ಹುಡುಕಿ ಪ್ರಿಂಟ್ ಹಾಕಿಸಿ ಕೊಡ್ತೀನಿ. ಚಿಕ್ಕವನಿದ್ದಾಗ ನಾನೂ ನಮ್ಮಣ್ಣನೂ ಆಡಿದ ಮಶೀನೇ ಇದು. ಆಗ ಹೇಗಿತ್ತೋ ಹಾಗೇ ಆಗ್ಬೇಕು."

ಬೋರ್ಡೆಂದರೆ ಮೊಳದುದ್ದಕ್ಕಿಂತ ತುಸು ಹೆಚ್ಚಿನ ಪಾರದರ್ಶಕ ಪ್ಲಾಸ್ಟಿಕ್ ಹಲಗೆ. ಬಣ್ಣ ಹಚ್ಚುವುದು ಅದರ ಬೆನ್ನಿಗೆ. ಒಳಗಿನ ಟ್ಯೂಬ್‌ಲೈಟು ಹತ್ತಿದರೆ ಮುಂದಿನಿಂದ ಚಿತ್ರ ಹೊಳೆಯುತ್ತದೆ. ಹೆಂಡತಿ ಅದನ್ನು ಬಿಚ್ಚಿ, ಮಡಿಸಿದ ಕಂಬಳಿಯ ಮೇಲೆ ಮಲಗಿಸಿ, ಸೋಪಿನ ನೀರಿನಲ್ಲಿ ಒರೆಸಿದಳು. ಹೊಗೆಯ ಜಿಡ್ಡು ಹೋದಂತೆ ಒಬ್ಬ ಬಾಹ್ಯಾಕಾಶದ ವೀರ ಹೊರಬಂದ. ಆಕಾಶದಿಂದ ಬೀಳುತ್ತಿದ್ದ ಉರಿಯುವ ಬಂಡೆಯನ್ನು ಎರಡೂ ಅಂಗೈ ಎತ್ತಿ ತಡೆಯುತ್ತಿದ್ದ. ಅವನ ಕಾಲಡಿ ಆಟದ ಹೆಸರು. ಅಲ್ಲಲ್ಲಿ ಬಣ್ಣ ಹಪ್ಪಳಿಕೆ ಎದ್ದಿತ್ತು. ಆದರೂ ಇದು ಕಂಪನಿಯ ಅಚ್ಚಲ್ಲ, ಯಾರೋ ಕೈಯಲ್ಲೇ ಬರೆದದ್ದು ಎಂದು ತಿಳಿಯುತ್ತಿತ್ತು. ಮೂಲೆಯಲ್ಲಿ ಬೆರಳುಗುರಿನಷ್ಟು ಚಿಕ್ಕದೊಂದು ಕುಂಚದ ಗುರುತು.

"ರೀ, ಇಲ್ಲಿ ಬನ್ನಿ," ಎಂದು ಗಂಡನನ್ನು ಕರೆದಳು.

ಅವನು ಬಂದು ನೋಡಿದವನೇ ಸ್ಕ್ರೂಡ್ರೈವರು ಕೆಳಗಿಟ್ಟ. "ಈ ಕುಂಚದ ಗುರುತು ಅಪ್ಪಂದು ಕಣೇ."

ಅವನ ಅಪ್ಪ ಬೋರ್ಡು ಬರೆಯುವ ಪೇಂಟರು. ಈಗಲೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಆಗೀಗ ಒಂದೊಂದು ನಾಮಫಲಕ ಬರೆಯುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಸೊಸೆ ಅವರು ಚಿತ್ರ ಬರೆದದ್ದನ್ನು ಕಂಡಿರಲಿಲ್ಲ, ಬರೀ ಅಕ್ಷರ. ಯಾರಾದರೂ ಕೇಳಿದರೆ, "ಚಿತ್ರ ಯಾರು ಬೇಕಾದ್ರೂ ಗೀಚ್ತಾರೆ. ಅಕ್ಷರ ಬರೆಯೋಕೆ ಗಂಡೆದೆ ಬೇಕು," ಎನ್ನುತ್ತಿದ್ದರು. ಅವರು ಬರೆದಿದ್ದ ಚಿತ್ರಗಳಲ್ಲಿ ಉಳಿದಿರುವುದು ಇದೊಂದೇ ಇರಬೇಕು ಎಂದುಕೊಂಡಾಗ ಅವಳ ಕೈ ಮುಂದೆ ಹೋಗಲಿಲ್ಲ.

"ಡಾಕ್ಟರಿಗೆ ಹೇಳೋಣ್ವಾ?"

"ಹೇಳಿ ಏನ್ಮಾಡ್ತೀಯ? ಅವರಿಗೆ ಕಂಪನಿದೇ ಬೇಕಂತೆ. ಅಪ್ಪನ ಕಣ್ಣಿಗೆ ಬೀಳದ ಹಾಗೆ ಕೆರೆದುಬಿಡು, ಅಷ್ಟೇ. ಕಂಡರೆ ಪಾಪ, ಎದೆ ಒಡ್ಕೊಳ್ತಾರೆ."

ಅವಳು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡಳು. ಮುಂದೆ ಯಾವತ್ತಾದರೂ ಸಮಯ ನೋಡಿ ತೋರಿಸಿದರಾಯಿತು. ಆಮೇಲೆ ಕೆಲಸ ಶುರುವಾಯಿತು, ಜೊತೆಗೆ ಸುಳ್ಳೂ. ಮಾವ ಈಚೆ ಬರುವ ಸದ್ದಾದರೆ ಹಲಗೆಯ ಮೇಲೆ ಹಳೆಯ ಬೆಡ್‌ಶೀಟು ಬೀಳುತ್ತಿತ್ತು. "ಮಾವ, ಹೊರಗೆ ಗಾಳಿ ಚೆನ್ನಾಗಿದೆ, ಒಂದು ಸುತ್ತು ಹೋಗ್ಬನ್ನಿ," ಎನ್ನುತ್ತಿದ್ದಳು. ಹೊರಗೆ ಧೂಳು ಬಿಟ್ಟು ಬೇರೇನೂ ಇರಲಿಲ್ಲ. ಮಾವ ಒಮ್ಮೆ ಅವಳನ್ನೂ ಒಮ್ಮೆ ಬೆಡ್‌ಶೀಟನ್ನೂ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದರು.

ಕೆಲಸ ಆಮೆಯ ವೇಗದಲ್ಲಿ ಸಾಗಿತು. ಥಿನ್ನರು ಹಾಕಿದರೆ ಪ್ಲಾಸ್ಟಿಕ್ಕಿಗೆ ಪೊರೆ ಬಂದಂತಾಗಿ ಸಣ್ಣ ಬಿರುಕು ಏಳುತ್ತದೆ. ಬ್ಲೇಡು ತಾಗಿದರೆ ಗೀರು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆ ಹೊದಿಸಿ, ಬಣ್ಣ ಮೆತ್ತಗಾದ ಮೇಲೆ ಅಂಚು ಉಜ್ಜಿದ ಪ್ಲಾಸ್ಟಿಕ್ ಸ್ಕೇಲಿನಿಂದ ಎಬ್ಬಿಸಬೇಕು. ಮೊದಲು ಆಕಾಶ ಹೋಯಿತು, ಆಮೇಲೆ ಹೆಸರು, ಬಂಡೆ. ವೀರನ ಹತ್ತಿರ ಬಂದಾಗ ಅವಳು ಕೈ ತಡೆದಳು. ಮುಖ ಅಷ್ಟು ಚೆನ್ನಾಗಿತ್ತು.

"ನನ್ನ ಹೊರಗಟ್ಟಿ ಇಲ್ಲೇನು ನಡೆಸಿದ್ದೀರಿ?"

ಹಿಂದೆಯೇ ಮಾವ ನಿಂತಿದ್ದರು. ಬೆಡ್‌ಶೀಟು ಕೈಗೆ ಸಿಗಲಿಲ್ಲ. ಅವರು ಹಲಗೆಯ ಮೇಲೆ ಬಗ್ಗಿ, ಕನ್ನಡಕ ಏರಿಸಿ, ತುಂಬಾ ಹೊತ್ತು ನೋಡಿದರು.

"ಮಾವ, ಬೇಜಾರು ಮಾಡ್ಕೋಬೇಡಿ. ಗಿರಾಕಿ ಹೇಳಿದ್ದು, ನಾವೇನು ಬೇಕು ಅಂತ..."

"ಈ ಮುಂಡೇದು ಇನ್ನೂ ಬದುಕಿತ್ತಾ?" ಎಂದರು ಮಾವ. "ಕೊಡಿಲ್ಲಿ ಆ ಸ್ಕೇಲು!"

ಅವಳಿಗೆ ಏನೂ ಅರ್ಥವಾಗಲಿಲ್ಲ. ಮಾವ ತಮ್ಮ ಎರಡೂ ಅಂಗೈ ಎತ್ತಿ ಅವಳ ಮುಖದ ಮುಂದೆ ಹಿಡಿದರು. "ನನ್ನ ಹೆಬ್ಬೆರಳು ನೋಡು, ಒಂದಕ್ಕೊಂದು ಎದುರಾಗಿದೆ. ಇವನದು ನೋಡು. ಎರಡೂ ಒಂದೇ ಕಡೆ! ಇವನಿಗೆ ಇರೋದು ಎರಡೂ ಎಡಗೈ. ಬೆನ್ನಿಗೆ ಬರೀವಾಗ ಎಲ್ಲಾ ತಿರುವುಮುರುವು ಬರೀಬೇಕು. ಒಂದು ಕೈ ತಿರುಗಿಸಿದೆ, ಇನ್ನೊಂದು ಮರೆತೆ. ದೀಪ ಹಾಕಿದ ದಿನವೇ ಗೇಮ್ ಅಂಗಡಿಯವನು ಎಲ್ಲರ ಎದುರಿಗೆ ಕೇಳಿದ, 'ಏನ್ ಪೇಂಟ್ರೇ, ಇವನು ಚಪ್ಪಾಳೆ ಹೇಗೆ ಹೊಡೀತಾನೆ?' ಅಂತ. ರಸ್ತೆಗೆ ರಸ್ತೆಯೇ ನಕ್ಕಿತು. ಅವತ್ತೇ ಚಿತ್ರಕ್ಕೆ ಕೈಮುಗಿದೆ."

"ಅಂದ್ರೆ ಅಕ್ಷರಕ್ಕೆ ಗಂಡೆದೆ ಬೇಕು ಅಂತಿದ್ದದ್ದು?"

"ಮತ್ತೇನು, ಕೈ ಬರೆಯೋಕೆ ಹೆದರಿಕೆ ಅಂತ ಹೇಳ್ಕೊಂಡು ತಿರುಗ್ಲಾ?"

ಮಾವ ಕೂತು ಕೆರೆದರು. ಮೊದಲು ಎರಡೂ ಕೈ, ಆಮೇಲೆ ಮುಖ, ಕೊನೆಗೆ ಕುಂಚದ ಗುರುತು. ಹಲಗೆ ಕನ್ನಡಿಯಂತಾದಾಗ ಬೆನ್ನು ನೆಟ್ಟಗೆ ಮಾಡಿಕೊಂಡು, ಊಟಕ್ಕೆ ಏನು ಮಾಡಿದ್ದೀಯ ಎಂದು ಕೇಳಿದರು. ಸೊಸೆಗೇ ಒಳಗೊಳಗೆ ಚುರುಕ್ ಎಂದಿತು. ಯಾರಿಗೆ ನೋವಾದೀತೆಂದು ಅಷ್ಟು ಸುಳ್ಳು ಹೇಳಿದ್ದಳೋ, ಅವರಿಗೆ ಹಸಿವಾಗಿತ್ತು.

ಡಾಕ್ಟರು ಕಂಪನಿಯ ಚಿತ್ರದ ಪ್ರಿಂಟು ತಂದರು. ಹೊಚ್ಚಹೊಸ ವೀರ, ಕೈಗೆ ಕೈ, ಬೆರಳಿಗೆ ಬೆರಳು. ದೀಪ ಹೊತ್ತಿಸಿದಾಗ, "ಆಹಾ! ಇದೇ, ಇದೇ! ಥೇಟ್ ಹೀಗೇ ಇತ್ತು!" ಎಂದು ಕಣ್ಣು ಒದ್ದೆ ಮಾಡಿಕೊಂಡರು. ಮಶೀನು ಕ್ಲಿನಿಕ್ಕಿಗೆ ಹೋಯಿತು.

ವಾರ ಕಳೆಯುವಷ್ಟರಲ್ಲಿ ಅವರು ಮತ್ತೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಈ ಸಲ ಜೊತೆಗೆ ಅಣ್ಣನೂ ಇದ್ದ. ದಪ್ಪ ಮೀಸೆಯ, ಲಾರಿ ಟೈರಿನ ವ್ಯಾಪಾರಿ.

"ನನ್ನ ತಮ್ಮನಿಗೆ ಯಾರೋ ಟೋಪಿ ಹಾಕಿದ್ದಾರೆ," ಎಂದ ಅಣ್ಣ. "ಅದು ನಮ್ಮ ಮಶೀನೇ ಅಲ್ಲ. ನಮ್ಮದರಲ್ಲಿ ಎಡಗೈಯಣ್ಣ ಇದ್ದ."

"ಯಾರು?" ಎಂದಳು ಸೊಸೆ, ಗೊತ್ತಿದ್ದೂ.

"ಎರಡೂ ಎಡಗೈಯವನು. ಅವನನ್ನ ನೋಡೋಕೇ ನಾವು ಎರಡು ರಸ್ತೆ ದಾಟಿ ಹೋಗ್ತಿದ್ವಿ. ನಾನು ಎಡಚ. ಶಾಲೇಲಿ ಎಡಗೈಗೆ ಏಟು ತಿಂದು ತಿಂದು ಅಲ್ಲಿಗೆ ಹೋದ್ರೆ, ನನಗಿಂತ ದೊಡ್ಡ ಎಡಚ ಆಕಾಶಾನೇ ತಡೀತಾ ನಿಂತಿರ್ತಿದ್ದ." ಅವನ ದನಿ ತಗ್ಗಿತು. "ಈಗಿನ ಈ ಬಲಗೈಯವನು ಯಾರು ನಮಗೆ?"

ಡಾಕ್ಟರು ನೆಲ ನೋಡುತ್ತಿದ್ದರು. "ಕಂಪನಿ ಚಿತ್ರ ನೋಡಿದ್ಮೇಲೆ ನನಗೆ ಅದೇ ನೆನಪು ಅನ್ನಿಸ್ಬಿಡ್ತು. ಹಳೇದನ್ನ ಏನಾದ್ರೂ..."

"ಕೆರೆದಾಯ್ತು," ಎಂದ ಗಂಡ. "ಕೆರೆದವರು ಬರೆದವರೇ."

ಹಿಂದಿನ ಕೋಣೆಯಲ್ಲಿದ್ದ ಮಾವನ ಕಿವಿಗೆ ಎಲ್ಲವೂ ಬಿದ್ದಿತ್ತು. ಹೊರಗೆ ಬಂದು ಟೈರಿನ ವ್ಯಾಪಾರಿಯನ್ನು ಮೇಲಿಂದ ಕೆಳಗೆ ನೋಡಿದರು. "ಅವತ್ತು ನಕ್ಕವರಲ್ಲಿ ನೀವೂ ಇದ್ರಾ?"

"ನಕ್ಕಿದ್ವಿ, ಸ್ವಾಮಿ. ಇಷ್ಟ ಆಗಿದ್ದಕ್ಕೆ ನಗದೆ ಅಳೋಕಾಗುತ್ತಾ?"

ಮಾವ ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ಸೊಸೆ ನೀರು ಕೊಡಲು ಹೋದಾಗ, "ಜೀವಮಾನವೆಲ್ಲ ಅಂಗಡಿ ಹೆಸರು ಬರ್ಕೊಂಡು ಕೂತೆನಲ್ಲಮ್ಮ, ದಡ್ಡನ ಹಾಗೆ," ಎಂದರು. ನೀರು ಕುಡಿದು ಲೋಟ ಕೆಳಗಿಟ್ಟು, "ಆ ಹಲಗೆ ತರ್ಸು," ಎಂದರು.

ಪ್ರಿಂಟು ಕಿತ್ತು, ಅವಳ ಮೊಬೈಲಿನ ಫೋಟೋ ಎದುರಿಗಿಟ್ಟುಕೊಂಡು ಬರೆಯಲು ಕೂತರು. ಮುಖ ಬಂತು, ಬಂಡೆ ಬಂತು. ಕೈ ಮಾತ್ರ ಬರಲಿಲ್ಲ. ಅಂದರೆ ತೀರಾ ಸರಿಯಾಗಿಯೇ ಬಂತು. ಒಂದು ಎಡ, ಒಂದು ಬಲ. ಒರೆಸಿ ಮತ್ತೆ ಬರೆದರೂ ಅದೇ.

"ಥೂ! ತಪ್ಪು ಮಾಡೋಕೂ ಬರಲ್ಲ ನನಗೆ! ಅಮ್ಮಾ, ನಿನ್ನ ಎಡಗೈ ಎತ್ತು."

ಎತ್ತಿದಳು. ಬರೆದರು.

"ಈಗ ಇನ್ನೊಂದು."

ಅವಳು ಬಲಗೈ ಎತ್ತಿದಳು.

"ಅದಲ್ಲ! ಇನ್ನೊಂದು ಎಡಗೈ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕುಂಚ ನಡುಗಿ ಕಿರುಬೆರಳು ತುಸು ದಪ್ಪವಾಯಿತು. ಇರಲಿ ಎಂದು ಬಿಟ್ಟರು. ಕೈಗಳು ಒಣಗಿದ ಮೇಲೆ, ಕಣ್ಣು ಮುಚ್ಚಿಯೂ ಬರೆಯಬಲ್ಲೆ ಎಂದು ಆಟದ ಹೆಸರಿನ ಅಕ್ಷರಗಳನ್ನು ಒಂದೇ ಉಸಿರಿಗೆ ಬರೆದು ಮುಗಿಸಿದರು.

ಕ್ಲಿನಿಕ್ಕಿನಲ್ಲಿ ಹಲಗೆ ಕೂರಿಸಿ ದೀಪ ಹಾಕಿದಾಗ ಎಲ್ಲರೂ ಇದ್ದರು. ದವಡೆ ಹಿಡಿದುಕೊಂಡಿದ್ದ ರೋಗಿಯೊಬ್ಬನೂ ತಲೆ ಎತ್ತಿ ನೋಡಿದ. ಎಡಗೈಯಣ್ಣ ಝಗ್ಗೆಂದ. ಟೈರಿನ ವ್ಯಾಪಾರಿ ತನ್ನ ಎಡಗೈ ಎತ್ತಿ ಅವನಿಗೊಂದು ಸಲಾಮು ಹೊಡೆದ.

ಸೊಸೆಯ ಕಣ್ಣು ಕೆಳಗಿನ ಹೆಸರಿನ ಮೇಲೆ ಹೋಯಿತು. ನಡುವಿನ ಒಂದು ಅಕ್ಷರ ತಿರುವುಮುರುವಾಗಿ, ಮಿಕ್ಕವುಗಳ ಮೇಲೆ ಮುನಿಸಿಕೊಂಡಂತೆ ಬೆನ್ನು ತಿರುಗಿಸಿ ನಿಂತಿತ್ತು. ಮಾವ ಅದನ್ನು ಆಗಲೇ ಕಂಡಿದ್ದರು. ಅವರ ಕಿವಿ ಕೆಂಪಾಗಿತ್ತು.

ವ್ಯಾಪಾರಿಯೂ ಕಣ್ಣು ಕಿರಿದು ಮಾಡಿದ. "ಅಲ್ಲ ಕಣೋ, ಈ ಅಕ್ಷರ ಮೊದಲೂ ಹೀಗೇ ಇತ್ತಾ?"

"ಹೀಗೇ ಇತ್ತು," ಎಂದರು ಡಾಕ್ಟರು, ಒಂದಿಷ್ಟೂ ಅನುಮಾನವಿಲ್ಲದೆ. "ನನಗೆ ಚೆನ್ನಾಗಿ ನೆನಪಿದೆ."

ಸೊಸೆ ಮಾವನ ಮುಖ ನೋಡಿದಳು. ಅವರು ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ನೆನಪು ಅಂದ್ರೆ ಹೀಗಿರ್ಬೇಕು ನೋಡಿ, ಡಾಕ್ಟ್ರೇ," ಎಂದರು.