ವ್ಯಾಸಪೀಠದ ಮೇಲೆ ಪತ್ತೇದಾರಿ

ನಾನು ಒಂದು ವ್ಯಾಸಪೀಠ. ಪುಸ್ತಕ ಕೂರುವ ಮಣೆ ಎಂದರೂ ಸರಿ. ಬಿಚ್ಚಿಟ್ಟರೆ ನನ್ನ ಎರಡು ಹಲಗೆಗಳು ಕತ್ತರಿಯಂತೆ ಅಡ್ಡಹಾಯ್ದು ನಿಲ್ಲುತ್ತವೆ. ಮೇಲಿನ ಇಳಿಜಾರಿನಲ್ಲಿ ಪುಸ್ತಕ ಅಂಗಾತ ಮಲಗುತ್ತದೆ. ಓದುವವರಿಗೆ ಪುಟಗಳು ಕಾಣುತ್ತವೆ, ನನಗೆ ರಟ್ಟು ಮಾತ್ರ. ಇಷ್ಟು ವರ್ಷಗಳಲ್ಲಿ ಒಂದಕ್ಷರವನ್ನೂ ನಾನು ಕಂಡಿಲ್ಲ. ಪುಸ್ತಕಗಳು ನನಗೆ ಗೊತ್ತಿರುವುದು ಅವುಗಳ ಬೆನ್ನಿನಿಂದ, ಭಾರದಿಂದ, ಮತ್ತು ಜನ ಅವುಗಳ ಬಗ್ಗೆ ಆಡಿದ ಮಾತಿನಿಂದ.

ಬೆಟಗೇರಿಯ ಕಾಳಪ್ಪ ಬಡಿಗೇರ ಯಾರದೋ ಮನೆಯ ಬಾಗಿಲು ಮಾಡಿ ಉಳಿದ ಸಾಗವಾನಿ ತುಂಡಿನಿಂದ ನನ್ನನ್ನು ಮಾಡಿದ. ಮೊಳೆ ಇಲ್ಲ, ಅಂಟು ಇಲ್ಲ. ಒಂದೇ ಹಲಗೆಯನ್ನು ಎರಡೂ ತುದಿಯಿಂದ ಸೀಳುತ್ತ ಬಂದು, ನಡುವೆ ಉಳಿಯಿಂದ ಒಂದರೊಳಗೊಂದು ಕೂರುವ ಹಲ್ಲು ಬಿಡಿಸಿದ. ಮೊದಲ ಸಲ ತೆರೆದಾಗ ಕಟ್ಟಿಗೆ ಕರಕ್ಕೆಂದಿತು. ಅದೇ ನನ್ನ ಹುಟ್ಟು.

“ಎರಡು ಆದ್ರೂ ಬ್ಯಾರೆ ಆಗಬಾರದು, ಹಂಗ ಮಾಡೀನ್ರಿ ಅಜ್ಜಾರ,” ಎಂದು ಕಾಳಪ್ಪ ನನ್ನನ್ನು ಬಸಲಿಂಗಯ್ಯನವರ ಕೈಗೆ ಕೊಟ್ಟ.

ಬಸಲಿಂಗಯ್ಯ ಶ್ರಾವಣದಲ್ಲಿ ಮಠದೊಳಗೆ ಪುರಾಣ ಓದುತ್ತಿದ್ದರು. ಅವರ ಪುಸ್ತಕ ಭಾರವಾಗಿತ್ತು, ವಿಭೂತಿಯ ವಾಸನೆ ಹೊಡೆಯುತ್ತಿತ್ತು. ಅವರಿಗೆ ಒಂದು ನೇಮವಿತ್ತು. ಪುರಾಣ ಹಚ್ಚಿದರೆ ಮಂಗಲವಾಗುವ ತನಕ ಪೀಠದ ಮೇಲಿಂದ ಪುಸ್ತಕ ಇಳಿಸಬಾರದು. ಒಂದು ವರ್ಷ ಅವರೇ ಜ್ವರದಿಂದ ಮಲಗಿದರು. ಆಗಲೂ ಪುಸ್ತಕ ನನ್ನ ಮೇಲೆಯೇ ಇತ್ತು. ಬೇರೆ ಊರಿನ ಶಾಸ್ತ್ರಿಗಳೊಬ್ಬರು ಬಂದು, ಓದು ನಿಂತಲ್ಲಿಂದ ಹಿಡಿದು ಮುಗಿಸಿದರು. ಬಸಲಿಂಗಯ್ಯನವರ ಮಗಳು ನೀಲಗಂಗವ್ವ ಕಂಬಕ್ಕೊರಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ತಂದೆ ತೀರಿದ ಮೇಲೆ ನನ್ನನ್ನು ಮಡಿವಸ್ತ್ರದಲ್ಲಿ ಸುತ್ತಿ ತನ್ನ ಗಂಡನ ಮನೆಗೆ ತಂದು ದೇವರ ಮನೆಯ ಗೋಡೆಯ ಮಾಡದಲ್ಲಿಟ್ಟಳು. ಅಲ್ಲಿ ಬಹಳ ವರ್ಷ ಸುಮ್ಮನಿದ್ದೆ. ನೀಲಗಂಗವ್ವನಿಗೆ ಮಗ ಹುಟ್ಟಿದ, ಬೆಳೆದ. ಗಂಡ ಹೋದ. ಅವಳ ಕಣ್ಣು ಮಂಜಾದವು.

ನನ್ನನ್ನು ಮಾಡದಿಂದ ಇಳಿಸಿದವನು ಆ ಮಗ, ಚನ್ನವೀರ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ. ಅವನ ಹೆಂಡತಿ ರೋಹಿಣಿ ಧಾರವಾಡದಲ್ಲಿ ಕನ್ನಡ ಎಂ.ಎ. ಓದಿದವಳು. ಊರಿನ ವಾರಪತ್ರಿಕೆಯೊಂದಕ್ಕೆ ಹೊಸ ಕಾದಂಬರಿಗಳ ಬಗ್ಗೆ ಅಭಿಪ್ರಾಯ ಬರೆಯುತ್ತಿದ್ದಳು. ಪ್ರಕಾಶಕರು ಪುಸ್ತಕ ಕಳಿಸುತ್ತಿದ್ದರು. ಕೂತು ಓದಲು ಅವಳಿಗೆ ಪುರುಸೊತ್ತಿಲ್ಲ, ಅತ್ತೆಗೆ ಓದಲು ಕಣ್ಣಿಲ್ಲ. ಅದಕ್ಕೆ ಚನ್ನವೀರ ಒಂದು ದಾರಿ ಹುಡುಕಿದ. ಸಂಜೆ ರೋಹಿಣಿ ರೊಟ್ಟಿ ಬಡಿಯುವಾಗ ಅಡುಗೆಮನೆಯ ಹೊಸ್ತಿಲಲ್ಲಿ ನನ್ನನ್ನಿಟ್ಟು, ಮೆಂತ್ಯ ಸೊಪ್ಪು ಬಿಡಿಸುತ್ತ ಗಟ್ಟಿಯಾಗಿ ಓದತೊಡಗಿದ.

ಮೊದಲ ಸಂಜೆ ನನ್ನ ಮೇಲೆ ಕೂತದ್ದು ಒಂದು ಪತ್ತೇದಾರಿ ಕಾದಂಬರಿ.

“ನಮ್ಮಪ್ಪ ಪುರಾಣ ಓದಿದ ಪೀಠ ಅದು. ಅದರ ಮ್ಯಾಲೆ ಕೊಲಿ ಪುಸ್ತಕ ಇಡ್ತೀಯಲ್ಲೋ, ನಾಚಿಗ್ಗೇಡಿ!” ಎಂದಳು ನೀಲಗಂಗವ್ವ.

“ನಿಮ್ಮಪ್ಪನ ಪುರಾಣದಾಗೇನು ತಲಿ ಉಳ್ಳತಿದ್ದಿಲ್ಲೇನಬೇ?”

“ಅವು ದೇವರು ಕಡದ ತಲಿ.”

“ಇದು ಯಾರು ಕಡದ ತಲಿ ಅಂತ ಗೊತ್ತಿಲ್ಲ. ಅದಕ್ಕ ಓದಾಕತ್ತೀನಿ, ಸುಮ್ನ ಕೇಳು.”

ಅವಳು ಸಿಟ್ಟಿನಿಂದ ಎದ್ದು ದೇವರ ಮನೆಗೆ ಹೋದಳು. ಮರುದಿನ ಬಾಗಿಲ ತನಕ ಬಂದಳು. ಅದರ ಮರುದಿನ ನನ್ನ ಪಕ್ಕಕ್ಕೇ ಮಣೆ ಹಾಕಿಕೊಂಡು ಕೂತಳು.

ಆಮೇಲೆ ಎಷ್ಟೋ ಪುಸ್ತಕಗಳು ಬಂದವು. ಮೂರು ತಲೆಮಾರಿನ ಕಥೆಯ ದಪ್ಪ ಕಾದಂಬರಿಯೊಂದು ನನ್ನ ಹಲ್ಲುಗಳನ್ನು ನೋಯಿಸಿತು. “ಅಜ್ಜ ಇರೂತನಕ ಚಲೋ ಐತಿ. ಮೊಮ್ಮಗ ಬಂದಮ್ಯಾಲೆ ಬರೇ ಭಾಷಣ,” ಎಂದಳು ರೋಹಿಣಿ. ಪುಟಪುಟಕ್ಕೂ ಮಳೆ ಸುರಿಯುವ ಪ್ರೇಮಕಥೆ ಬಂತು. “ಅವರ ಮನಿ ಮಾಳಿಗಿ ಸೋರೂದಿಲ್ಲೇನು? ಒಬ್ಬರೂ ಬೋಗಾಣಿ ಇಡವಲ್ರು,” ಎಂದಳು ನೀಲಗಂಗವ್ವ. ಜಮೀನ್ದಾರನಿಗೆ ಹಾಲಿನಲ್ಲಿ ವಿಷ ಹಾಕುವ ಪತ್ತೇದಾರಿ ಕಾದಂಬರಿಯನ್ನು ಚನ್ನವೀರ ಮಧ್ಯದಲ್ಲೇ ನಿಲ್ಲಿಸಿದ. “ಇಷ್ಟು ವಿಷಕ್ಕ ಇಲಿನೂ ಸಾಯೂದಿಲ್ಲ. ಈ ಲೇಖಕ ಒಮ್ಮೆ ನಮ್ಮ ಲ್ಯಾಬಿಗೆ ಬರಬೇಕು.” ಆ ವಾರ ಪತ್ರಿಕೆಯಲ್ಲಿ ರೋಹಿಣಿಯ ಅಭಿಪ್ರಾಯ ಬಂತು. ಚನ್ನವೀರ ಅದನ್ನು ಓದಿ ಹೇಳಿದ: “ವಿಷ ದುರ್ಬಲವಾಗಿದೆ. ಕಥೆ ಅದಕ್ಕಿಂತ ದುರ್ಬಲ.” ಮೂವರೂ ನಕ್ಕರು. ರೋಹಿಣಿ ಯಾವಾಗಲೂ ಕಡಿಮೆಯೇ ಬರೆಯುತ್ತಿದ್ದಳು.

ಪತ್ತೇದಾರಿ ಕಾದಂಬರಿ ಓದಲು ಮೂವರಿಗೂ ಒಂದು ಕಟ್ಟಳೆ ಇತ್ತು. ಕೊನೆಯ ಅಧ್ಯಾಯ ಬಂದಾಗ ಓದು ನಿಲ್ಲಿಸಬೇಕು. ಮರುದಿನ ಸಂಜೆ ಮೂವರೂ ಕೊಲೆಗಾರ ಯಾರೆಂದು ಹೆಸರು ಹೇಳಬೇಕು. ಮೂರು ಹೆಸರು ಬೀಳದೆ ಕೊನೆಯ ಅಧ್ಯಾಯ ತೆರೆಯುವ ಹಾಗಿಲ್ಲ. ಗೆದ್ದವರು ಮುಂದಿನ ಪುಸ್ತಕ ಆರಿಸಬೇಕು.

ಬಹುಪಾಲು ರೋಹಿಣಿಯೇ ಗೆಲ್ಲುತ್ತಿದ್ದಳು. ಚನ್ನವೀರ ಒಮ್ಮೆಯೂ ಗೆಲ್ಲಲಿಲ್ಲ. ನೀಲಗಂಗವ್ವನಂತೂ ಯಾವ ಪುಸ್ತಕವಾದರೂ ಒಂದೇ ಮಾತು ಹೇಳುತ್ತಿದ್ದಳು.

“ಡಾಕ್ಟರ.”

“ಯವ್ವಾ, ಆ ಡಾಕ್ಟರ ಸತ್ತು ನಾಕು ಅಧ್ಯಾಯ ಆತು.”

“ಸತ್ತಂಗ ಮಾಡಿರ್ತಾನ. ಅವನ ಕೈಯಾಗ ಸೂಜಿ ಐತಿ.”

ಇನ್ನೊಂದು ಸಂಗತಿ ಹೇಳಬೇಕು. ಪುಸ್ತಕ ಮುಂದೆ ಹೋದಂತೆ ಭಾರ ಬಲಗಡೆಯ ಹಲಗೆಯಿಂದ ಎಡಗಡೆಗೆ ಸ್ವಲ್ಪಸ್ವಲ್ಪವೇ ಸರಿಯುತ್ತದೆ. ಕಥೆ ಎಲ್ಲಿಗೆ ಬಂತೆಂದು ನನಗೆ ತಿಳಿಯುವುದು ಹಾಗೆ. ಆದರೆ ನಳಕ್ಕೆ ನೀರು ಬಂದ ಬೆಳಿಗ್ಗೆ, ರೋಹಿಣಿ ಕೊಡ ತಗೊಂಡು ಹೊರಗೆ ಹೋದಾಗ, ಭಾರ ಒಮ್ಮೆಲೇ ಎಡಕ್ಕೆ ಬಿದ್ದು, ತುಸು ಹೊತ್ತು ಅಲ್ಲೇ ಇದ್ದು, ಮತ್ತೆ ಬಲಕ್ಕೆ ಮರಳುತ್ತಿತ್ತು. ನನ್ನ ಮುಂದೆ ಚನ್ನವೀರ ಒಬ್ಬನೇ ಇರುತ್ತಿದ್ದ. ಓದು ಬಾರದ ಕಟ್ಟಿಗೆ ನಾನು. ಅದಕ್ಕೆ ಏನೂ ಅರ್ಥ ಹಚ್ಚಲಿಲ್ಲ.

ಕೊನೆಗೆ ಬಂದ ಪುಸ್ತಕ ತೆಳುವಾಗಿತ್ತು. ನಯವಾದ ಕರೀ ರಟ್ಟು. ಗಿರಣಿಯ ಮಾಲೀಕನೊಬ್ಬ ತನ್ನ ಬೀಗ ಹಾಕಿದ ಕೋಣೆಯಲ್ಲಿ ಸತ್ತು ಬಿದ್ದಿದ್ದ. ತಮ್ಮ, ಲೆಕ್ಕಿಗ, ಎರಡನೆಯ ಹೆಂಡತಿ, ಮೂವರ ಮೇಲೂ ಅನುಮಾನ. ಕೊನೆಯ ಅಧ್ಯಾಯದ ಹತ್ತಿರ ಚನ್ನವೀರ ಓದು ನಿಲ್ಲಿಸಿ, ಕೈಯಲ್ಲಿದ್ದ ಮೆಂತ್ಯದ ದಂಟನ್ನೇ ಗುರುತಿಗೆ ಪುಟದ ನಡುವೆ ಇಟ್ಟ.

ಮರುದಿನ ನಳಕ್ಕೆ ನೀರು ಬಂತು. ಭಾರ ಎಡಕ್ಕೆ ಹೋಗಿ ಬಲಕ್ಕೆ ಬಂತು. ಚನ್ನವೀರ ತನ್ನಷ್ಟಕ್ಕೇ ನಕ್ಕ. ಕಾಲೇಜಿಗೆ ಹೊರಟು ಚಪ್ಪಲಿ ಮೆಟ್ಟುತ್ತ, ಕೊಡ ಹೊತ್ತು ಬರುತ್ತಿದ್ದ ರೋಹಿಣಿಗೆ ಹೇಳಿದ:

“ಈ ಸಲ ಅವ್ವ ಗೆಲ್ತಾಳ ನೋಡು.”

“ಈ ಪುಸ್ತಕದಾಗ ಡಾಕ್ಟರ ಎಲ್ಲಿದಾನ್ರೀ?”

“ಸಂಜೀಗೆ ನೋಡೂಣು.”

ಮಧ್ಯಾಹ್ನ ಅವನು ಪ್ರಯೋಗಾಲಯದ ಹೊರಗಿನ ಬೆಂಚಿನ ಮೇಲೆ ಕೂತನಂತೆ. ಮತ್ತೆ ಏಳಲಿಲ್ಲವಂತೆ. ಹೃದಯ ನಿಂತಿತೆಂದರು. ನನಗೆ ಗೊತ್ತಾದದ್ದು ಇಷ್ಟೇ: ಮನೆಯಲ್ಲಿ ಬಹಳ ಕಾಲುಗಳು ಓಡಾಡಿದವು. ಯಾರೋ ನನ್ನನ್ನು ಪುಸ್ತಕ ಸಮೇತ ಎತ್ತಿ ಗೋಡೆಯ ಬದಿಗೆ ಇಟ್ಟರು.

ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು. ಮೊದಲೇನಾದರೂ ಲಕ್ಷಣ ಇತ್ತೇ? ಎದೆ ನೋವು? ಬೆವರು? “ಏನೂ ಇದ್ದಿಲ್ರಿ,” ಎಂದಳು ರೋಹಿಣಿ. ಕೇಳಿದವರಿಗೆಲ್ಲ ಅದನ್ನೇ ಹೇಳಿದಳು. ಅಳುತ್ತಿದ್ದಳೋ ಇಲ್ಲವೋ ನನಗೆ ತಿಳಿಯದು. ದನಿಯಲ್ಲಿ ಗೊತ್ತಾಗುತ್ತಿರಲಿಲ್ಲ.

ದಿನಗಳು ಹೋದವು. ಸಂಜೆ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು, ಕಡಿಮೆ ಹೊತ್ತು. ಅಂಚೆಯವನು ಪುಸ್ತಕದ ಪೊಟ್ಟಣ ತಂದರೆ ರೋಹಿಣಿ ಬಿಚ್ಚದೆ ನನ್ನ ಪಕ್ಕದಲ್ಲಿ ಒಂದರ ಮೇಲೊಂದು ಇಡುತ್ತಿದ್ದಳು. ನೆಲ ಒರೆಸುವಾಗ ನನ್ನ ಸುತ್ತ ಒರೆಸುತ್ತಿದ್ದಳು. ನನ್ನನ್ನು ಎತ್ತುತ್ತಿರಲಿಲ್ಲ, ಮುಟ್ಟುತ್ತಿರಲಿಲ್ಲ. ಪತ್ರಿಕೆಯ ಸಂಪಾದಕರು ಫೋನು ಮಾಡಿದರು. ಹತ್ತು ಸಾಲಾದರೂ ಸಾಕು ಎಂದರಂತೆ. “ಅಭಿಪ್ರಾಯ ಏನೂ ಇಲ್ರಿ ಸರ್,” ಎಂದಳು. ಸೌಜನ್ಯದಿಂದಲೇ ಹೇಳಿದಳು. ಪಲ್ಯಕ್ಕೆ ಉಪ್ಪು ಸರಿ ಐತೇನು ಎಂದು ಅತ್ತೆ ಕೇಳಿದರೂ ಅವಳಿಗೆ ಹೇಳಲು ಏನೂ ಇರುತ್ತಿರಲಿಲ್ಲ.

ಕರೀ ಪುಸ್ತಕ ನನ್ನ ಮೇಲೆಯೇ ಇತ್ತು. ಒಳಗೆ ಮೆಂತ್ಯದ ದಂಟು ಒಣಗಿತು.

ಶ್ರಾವಣ ಹತ್ತಿರ ಬಂದಾಗ ಪಕ್ಕದ ಮನೆಯ ಸಾವಂತ್ರವ್ವ ಬಂದಳು. ಮಠದ ವ್ಯಾಸಪೀಠ ಹುಳ ತಿಂದು ಹಾಳಾಗಿದೆ, ಪುರಾಣಕ್ಕೆ ನಿಮ್ಮದು ಬೇಕಾಗಿದೆ ಎಂದಳು. ನನ್ನ ಕಡೆ ಬಗ್ಗಿ, “ಅಯ್ಯ, ಧೂಳ ಹಿಡದು ಕುಂತೈತಿ. ಈ ಪುಸ್ತಕ ತಗದಿಡವಾ, ನಾ ಒಯ್ತೀನಿ,” ಎಂದು ಕೈ ಚಾಚಿದಳು.

ರೋಹಿಣಿ ತೆಗೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

“ಮುಟ್ಟಬ್ಯಾಡ,” ಎಂದಳು ನೀಲಗಂಗವ್ವ. “ಅದರ ಮ್ಯಾಲಿಂದು ಇನ್ನೂ ಮಂಗಲ ಆಗಿಲ್ಲ.”

“ಯಾವ ಪುರಾಣಬೇ ಅದು?”

“ಗಿರಣಿ ಸಾವಕಾರನ ಪುರಾಣ. ನಾಳೆ ಬಾ.”

ಸಾವಂತ್ರವ್ವ ಹೋದಳು. ಅತ್ತೆ ಗೋಡೆ ಹಿಡಿದು ಬಂದು ನನ್ನ ಪಕ್ಕ ಕೂತಳು. ಸೆರಗಿನಿಂದ ನನ್ನ ಧೂಳು ಒರೆಸಿದಳು.

“ಹಚ್ಚಿದ ಪುರಾಣ ಅರ್ಧಕ್ಕ ಬಿಟ್ಟು ಪೀಠ ಕೊಟ್ರ ನಮ್ಮಪ್ಪ ಮೆಚ್ಚೂದಿಲ್ಲ. ಕೂಡ್ರು, ಓದು.”

“ಆಗೂದಿಲ್ರಿ ಅತ್ತಿ,” ಎಂದಳು ರೋಹಿಣಿ. “ಮೂರು ಹೆಸರು ಬೀಳಬೇಕು. ಅವರದು ಬಿದ್ದಿಲ್ಲ.”

ಇಷ್ಟು ತಿಂಗಳು ಪುಸ್ತಕ ನನ್ನ ಮೇಲೆ ಯಾಕಿತ್ತೆಂದು ನನಗೆ ಆಗ ತಿಳಿಯಿತು. ಅವನು ಹೆಸರು ಹೇಳುವುದು ಬಾಕಿ ಇರುವ ತನಕ ಅವಳ ಪಾಲಿಗೆ ಆ ಸಂಜೆ ಇನ್ನೂ ಬಂದಿರಲಿಲ್ಲ. ಪುಸ್ತಕ ಮುಗಿದರೆ ಅದೂ ಮುಗಿಯುತ್ತಿತ್ತು.

ನೀಲಗಂಗವ್ವ ಅವಳ ಕಡೆ ಮುಖ ತಿರುಗಿಸಿದಳು. “ಅಂವ ಹೇಳಿ ಹೋಗ್ಯಾನಲ್ಲ, ಅವ್ವ ಗೆಲ್ತಾಳಂತ. ಅಂದ್ರ ನನ್ನ ಹೆಸರ ಅವನ ಹೆಸರು. ನಂದೂ ಡಾಕ್ಟರ, ಅವಂದೂ ಡಾಕ್ಟರ. ನಿಂದು ಹೇಳು.”

“ಇದರಾಗ ಡಾಕ್ಟರ ಇಲ್ರಿ.”

“ಇರಲಿ. ನಿಂದು ಹೇಳು.”

“ಲೆಕ್ಕಿಗ,” ಎಂದಳು ರೋಹಿಣಿ.

ಅವಳು ನನ್ನ ಮುಂದೆ ಕೂತದ್ದು ಅದೇ ಮೊದಲು. ಅಲ್ಲಿಯ ತನಕ ಅವಳ ಕೈಗೆ ಯಾವಾಗಲೂ ಹಿಟ್ಟು ಇರುತ್ತಿತ್ತು. ಒಣಗಿದ ದಂಟನ್ನು ತೆಗೆದು ನೆಲದ ಮೇಲಿಟ್ಟಳು. ಪಡಿತರದ ಚೀಟಿ ಓದುವವಳಂತೆ ಓದತೊಡಗಿದಳು, ಏರಿಲ್ಲ, ಇಳಿವಿಲ್ಲ. ತಮ್ಮನ ವಿಚಾರಣೆ ಮುಗಿಯಿತು. ಲೆಕ್ಕಿಗ ನಿರಪರಾಧಿ ಎಂದಾಯಿತು. ಆಮೇಲೆ ಸೊಲ್ಲಾಪುರದ ರೈಲಿನಿಂದ ಯಾರೋ ಮುದುಕ ಇಳಿದ. ಸತ್ತವನ ಹಳೆಯ ಗೆಳೆಯನಂತೆ.

ಅಲ್ಲಿಗೆ ಅವಳ ದನಿ ನಿಂತಿತು.

“ಯಾಕ ನಿಂತಿ?”

“ಡಾಕ್ಟರ ಬಂದಾನ್ರಿ.”

“ಹೂಂ, ಮುಂದ?”

“ಅವನ ಕೊಂದಾನಂತ.”

ನೀಲಗಂಗವ್ವ ಗೆದ್ದ ಖುಷಿ ತೋರಿಸಲಿಲ್ಲ. “ನಾ ಹೇಳಿದ್ದಿಲ್ಲೇನು?” ಎಂದಳು, ಅಷ್ಟೇ.

“ಇದು ಮೋಸ ಅತ್ತಿ.” ರೋಹಿಣಿಯ ಕೈ ನನ್ನ ಅಂಚನ್ನು ಹಿಡಿಯಿತು. “ಮೊದಲ್ನೇ ಪುಟದಿಂದ ಇಲ್ಲೀತನಕ ಅವನ ಹೆಸರ ಇಲ್ಲ. ಒಂದು ಸುಳಿವಿಲ್ಲ. ನಾ ಎಲ್ಲಾ ಗಮನ ಇಟ್ಟು ಕೇಳೀನಿ, ಎಲ್ಲೂ ಇದ್ದಿಲ್ಲ. ಹೇಳದ ಕೇಳದ ಕೊನೀಗೆ ಬಂದು ನಿಂತ್ರ ಯಾರಿಗೆ ಗೊತ್ತಾಗಬೇಕು? ಏನರ ಒಂದು ಲಕ್ಷಣ ತೋರಸಬೇಕಾಗಿತ್ತು. ಒಂದರ!”

ಹಿಡಿತ ಬಿಗಿಯಾಯಿತು. ನನ್ನ ನಡುವಿನ ಒಂದು ಹಲ್ಲು ಸಣ್ಣಗೆ ಬಿರಿಯಿತು. ನೀಲಗಂಗವ್ವ ಅವಳನ್ನು ತಡೆಯಲಿಲ್ಲ.

ರೋಹಿಣಿ ಕೈ ಸಡಿಲಿಸಿ ಬೇರೆ ದನಿಯಲ್ಲಿ ಕೇಳಿದಳು. “ಅತ್ತಿ, ಪುಸ್ತಕದಾಗ ಡಾಕ್ಟರ ಇಲ್ಲದ ನೀವು ಗೆಲ್ತೀರಿ ಅಂತ ಅವರಿಗೆ ಹೆಂಗ ಗೊತ್ತಾತು?”

“ಹೋಳಿಗಿ ಕೊಟ್ರ ಮೊದಲ ಹೂರಣ ತಿಂದು ಕಣಕ ಬಿಡೂ ಹುಡುಗ ಅಂವ. ಕೊನೀ ಪುಟಕ್ಕ ಕಾಯ್ತಾನೇನು?”

“ನಿಮಗ ಗೊತ್ತಿತ್ತೇನ್ರಿ?”

“ಕಣ್ಣು ಹೋಗ್ಯಾವು, ಕಿವಿ ಹೋಗಿಲ್ಲ. ನೀ ನೀರಿಗೆ ಹೋದ ಕೂಡಲೆ ಹಾಳಿ ತಿರುವೂ ಸಪ್ಪಳ ಬರ್ತಿತ್ತು.”

“ಅಂದ್ರ ಪ್ರತೀ ಸಲ ಬೇಕಂತ ಸೋಲ್ತಿದ್ರು. ನನಗ ಯಾಕ ಹೇಳಲಿಲ್ಲ ನೀವು?”

“ನೀ ಗೆದ್ದಾಗ ಅಂವ ನಗತಿದ್ದಲ್ಲ, ಅದು ಕೇಳಾಕ ಚಲೋ ಇತ್ತು.”

ರೋಹಿಣಿ ತೆರೆದ ಪುಟದ ಕಡೆ ಬಗ್ಗಿದಳು. “ಕಳ್ಳ,” ಎಂದಳು. “ಕಳ್ಳ ನೀ.” ಗಂಡನನ್ನು ಅವಳು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಪುಸ್ತಕದ ಮೇಲೆ ಏನೋ ಹನಿ ಬಿತ್ತು. ರಟ್ಟಿನ ತನಕ ಇಳಿಯಲಿಲ್ಲ. ಹಾಗಾಗಿ ಖಚಿತವಾಗಿ ಹೇಳಲಾರೆ.

ಆ ವಾರದ ಪತ್ರಿಕೆಯನ್ನು ಅವಳೇ ಅತ್ತೆಗೆ ಓದಿ ಹೇಳಿದಳು. “ಅನ್ಯಾಯದ ಪುಸ್ತಕ. ಕೊಲೆಗಾರ ಯಾವ ಸುಳಿವೂ ಕೊಡದೆ ಬರುತ್ತಾನೆ. ಕೊನೆಯ ಅಧ್ಯಾಯವನ್ನು ಕದ್ದು ಮೊದಲೇ ಓದುವವರಿಗೆ ಮಾತ್ರ ಇದರಿಂದ ಸುಖ ಸಿಕ್ಕೀತು.”

ನಾನು ಮಠಕ್ಕೆ ಹೋದೆ. ಪುರಾಣದ ಭಾರ ಹೊತ್ತೆ, ಮಂಗಲವಾದ ಮೇಲೆ ಮರಳಿ ಬಂದೆ. ನನಗೂ ವಯಸ್ಸಾಯಿತು. ಬಿರಿದ ಹಲ್ಲು ಸಂಪೂರ್ಣ ಮುರಿದಿದೆ. ಮಡಚಿದರೆ ಮತ್ತೆ ತೆರೆಯಲಾರೆನೆಂದು ಯಾರೂ ಮಡಚುವುದಿಲ್ಲ. ಅಡುಗೆಮನೆಯ ಹೊಸ್ತಿಲ ಮೂಲೆಯಲ್ಲಿ ಬಿಚ್ಚಿದಂತೆಯೇ ಇರುತ್ತೇನೆ. ಗೆದ್ದ ನೀಲಗಂಗವ್ವ ಮುಂದಿನ ಪುಸ್ತಕವನ್ನು ಕೈಯಲ್ಲಿ ತೂಗಿ ಆರಿಸಿದಳು. “ಇದು ಹಗುರ ಐತಿ, ಬ್ಯಾಡ. ಲಗೂನ ಮುಗೀತೈತಿ.” ಕೊನೆಗೆ ಆಯ್ದದ್ದು ದಪ್ಪ ಪತ್ತೇದಾರಿ. ಈಗ ಓದು ರೊಟ್ಟಿ ಮುಗಿದ ಮೇಲೆ ನಡೆಯುತ್ತದೆ. ರೋಹಿಣಿಯ ಓದಿನಲ್ಲಿ ಇನ್ನೂ ಏರಿಳಿತವಿಲ್ಲ. ಬಹಳ ಸಂಜೆ ಓದೂ ಇರುವುದಿಲ್ಲ.

ಆ ದಪ್ಪ ಪುಸ್ತಕವೂ ಕೊನೆಯ ಅಧ್ಯಾಯಕ್ಕೆ ಬಂದು ನಿಂತಿತು. ಬೆಳಿಗ್ಗೆ ನಳಕ್ಕೆ ನೀರು ಬಂತು. ರೋಹಿಣಿ ನಳದ ಕೆಳಗೆ ಕೊಡ ಇಟ್ಟು, ಅದು ತುಂಬುವಷ್ಟರಲ್ಲಿ ಒಳಗೆ ಬಂದಳು. ನನ್ನ ಮುಂದೆ ಕೂತಳು. ಭಾರ ಒಮ್ಮೆಲೇ ಎಡಕ್ಕೆ ಬಿತ್ತು, ತುಸು ಹೊತ್ತು ಅಲ್ಲೇ ಇತ್ತು, ಮತ್ತೆ ಬಲಕ್ಕೆ ಬಂತು. ದೇವರ ಮನೆಯೊಳಗೆ ನೀಲಗಂಗವ್ವ ಕೆಮ್ಮಿದಳು. ಹೊರಗೆ ಕೊಡ ತುಂಬಿ ಚೆಲ್ಲುತ್ತಿತ್ತು.

ಆ ಸಂಜೆ ಹೆಸರು ಹೇಳುವಾಗ ರೋಹಿಣಿ ಸೋತಳು.