ಸ್ಟೇಷನ್ ಧಾಟಿಯ ನಾಟಕ

ರೈಲ್ವೆ ಸ್ಟೇಷನ್ನಿನ ಮೈಕಿನ ಮುಂದೆ ಕೂತೇ ಕೂದಲು ಹಣ್ಣಾದವಳು ನಾನು. ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಎಂದು ನಾನು ಹೇಳಿದರೆ ಎಂಥ ಮಂದಗಿವಿಯವರೂ ಸರಿಯಾದ ಕಡೆಗೇ ಓಡುತ್ತಿದ್ದರು. ಲೋಕದಲ್ಲಿ ಎಲ್ಲರ ಮಾತಿಗೂ ಒಂದೊಂದು ರಾಗವಿದೆ, ನನ್ನದಕ್ಕೆ ಮಾತ್ರ ಇಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಅದನ್ನು ನಾನು ಮುಚ್ಚಿಟ್ಟವಳೂ ಅಲ್ಲ.

ಹಾಗಾಗಿ, ನಿವೃತ್ತಿಯಾದ ಮೇಲೆ ನಾಟಕ ತಂಡದ ನಿರ್ದೇಶಕ ಮನೆಗೆ ಬಂದು ಕೈಮುಗಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಅವನದು ಸಂಗೀತ ನಾಟಕ. ಒಂದೇ ಮನೆಯ ಅಪ್ಪ, ಅಮ್ಮ, ಮಗಳ ಕಥೆ. ಪಾತ್ರಧಾರಿಗಳು ಮಾತ್ರ ದಿಕ್ಕಿಗೊಬ್ಬರು. ಅಪ್ಪನಾದ ದರ್ಜಿ ಅರ್ಧ ಮಾತು ನುಂಗುತ್ತಿದ್ದ. ಮಗಳಾದ ನರ್ಸ್ ಪಟಪಟನೆ ಉದುರಿಸುತ್ತಿದ್ದಳು. ಅಮ್ಮನಾದವಳು ಪ್ರತಿ ಮಾತಿನ ಬಾಲ ಹಿಡಿದು ಎಳೆಯುತ್ತಿದ್ದಳು. ಆ ಅಮ್ಮ ನನ್ನ ಸ್ವಂತ ತಂಗಿ.

"ಹಾಡೋವಾಗ ಎಲ್ಲರೂ ಒಂದೇ ಮನೆಯವರು ಅಕ್ಕಾ. ಹಾಡು ಮುಗಿಸಿ ಮಾತಿಗೆ ಬಂದ್ರೆ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದವರ ಥರ ಇರ್ತಾರೆ. ಎಲ್ಲರ ಮಾತೂ ಒಂದು ಮಾಡಿಕೊಡಿ," ಎಂದ ನಿರ್ದೇಶಕ. ಆಮೇಲೆ ದನಿ ತಗ್ಗಿಸಿ, "ಮೊದಲ ಪ್ರದರ್ಶನ ನೋಡ್ತೀನಿ. ಆಗಲೂ ನಿಮ್ಮ ತಂಗಿ ಮಾತಿಗೆ ಜನ ನಕ್ರೆ, ಎರಡನೇದಕ್ಕೆ ನನ್ನ ನಾದಿನೀನೇ ಅಮ್ಮ," ಎಂದ.

ತಂಗಿ ಅಡುಗೆಮನೆಯ ಗೋಡೆಗಳಿಗೆ ಹಾಡು ಕೇಳಿಸಿಯೇ ಆಯಸ್ಸು ಕಳೆದವಳು. ಈ ವಯಸ್ಸಿನಲ್ಲಿ ಸಿಕ್ಕಿದ ಮೊದಲ ಪಾತ್ರವೂ ಕೈತಪ್ಪಿದರೆ ಅವಳು ಗೋಡೆಗಳಿಗೂ ಹಾಡುವವಳಲ್ಲ. ನಾನು ಸೆರಗು ಸಿಕ್ಕಿಸಿ ನಿಂತೆ.

ನನ್ನ ಪಾಠ ಸರಳ. ನಾನು ಹೇಳಬೇಕು, ಅವರು ಒಪ್ಪಿಸಬೇಕು. ಮಾತು ಎಲ್ಲಿ ನಿಲ್ಲಬೇಕೋ ಅಲ್ಲಿ ಕೈ ಎತ್ತುತ್ತಿದ್ದೆ. ದರ್ಜಿ ಹೊಲಿಗೆ ಮೆಷಿನ್ನಿನ ಮುಂದೆ ಅಭ್ಯಾಸ ಮಾಡಿದ, ನರ್ಸ್ ರೋಗಿಗಳ ಮುಂದೆ. ಗಿಳಿಗಳ ಹಾಗೆ ಕಲಿತರು. ತಂಗಿಯೊಬ್ಬಳೇ ತಕರಾರು. ನಾನು ಹೇಳಿಕೊಟ್ಟಂತೆ ಮಾತಾಡಿದರೆ ಹಿಂದೆಯೇ ಬರುವ ಹಾಡಿನಲ್ಲಿ ಶ್ರುತಿ ತಪ್ಪುತ್ತಿದ್ದಳು.

"ಮಾತಲ್ಲೇ ಉಸಿರು ಕಟ್ಟಿಸಿದ್ರೆ ಹಾಡಿಗೆ ಎಲ್ಲಿಂದ ತರ್ಲಿ ಅಕ್ಕಾ?"

"ತೆಪ್ಪಗೆ ನನ್ನ ಕೈ ನೋಡು," ಎಂದು ಗದರಿದೆ.

ಮೊದಲ ಪ್ರದರ್ಶನಕ್ಕೆ ಸಭಾಂಗಣ ತುಂಬಿತ್ತು. ಪಾತ್ರಧಾರಿಗಳಿಗೆ ಮಾತ್ರ ಕಾಣುವ ಹಾಗೆ ರಂಗದ ಪಕ್ಕದ ಪರದೆಯ ಮರೆಯಲ್ಲಿ ಕೈ ಎತ್ತಿ ನಿಂತೆ. ನಿರ್ದೇಶಕನ ನಾದಿನಿ ಆಗಲೇ ಅಮ್ಮನ ವೇಷ ಹಾಕಿಕೊಂಡು ಹಿಂದೆ ಕೂತಿದ್ದಳು. ಅವಳನ್ನು ಕಂಡು ನನಗೆ ಮೈಯೆಲ್ಲ ಉರಿಯಿತು.

ಮೊದಲ ಹಾಡಿಗೆ ಚಪ್ಪಾಳೆ ಬಿತ್ತು. ಆಮೇಲೆ ಹಾಸಿಗೆ ಹಿಡಿದ ಅಪ್ಪ ಮಗಳ ಕೈ ಹಿಡಿದು ನುಡಿದ: "ಮಗಳೇ... ನಾನು... ಇನ್ನು ಕೆಲವೇ ಕ್ಷಣಗಳಲ್ಲಿ... ಹೊರಡಲಿದ್ದೇನೆ."

"ಅಪ್ಪಾ... ದಯವಿಟ್ಟು... ಹೋಗಬೇಡಿ," ಎಂದಳು ನರ್ಸ್, ಅದೇ ಧಾಟಿಯಲ್ಲಿ.

ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಅಜ್ಜ ಧಡಕ್ಕನೆ ಎದ್ದು ಕುರ್ಚಿಯ ಕೆಳಗೆ ಬ್ಯಾಗು ತಡಕಾಡಿದ. ಸಭೆ ಗೊಳ್ಳೆಂದು ನಕ್ಕಿತು.

"ಅಕ್ಕಾ, ಇವನು ಸಾಯ್ತಿದ್ದಾನೋ, ರೈಲು ಬಿಡ್ತಿದ್ದಾನೋ?" ಎಂದು ನನ್ನ ಪಕ್ಕದಲ್ಲಿದ್ದ ನಿರ್ದೇಶಕ ತಲೆ ಚಚ್ಚಿಕೊಂಡ.

ಆಗ ನನಗೆ ಕೇಳಿಸಿತು. ದರ್ಜಿಯ ಬಾಯಲ್ಲಿ ನಾನಿದ್ದೆ, ನರ್ಸಿನ ಬಾಯಲ್ಲೂ ನಾನೇ. ರಾಗವೇ ಇಲ್ಲವೆಂದುಕೊಂಡಿದ್ದ ನನ್ನ ಮಾತಿನಲ್ಲಿ ಇಡೀ ಸ್ಟೇಷನ್ನೇ ಕೂತಿತ್ತು. ನಾಚಿಕೆಯಿಂದ ಹಿಡಿಯಷ್ಟಾದೆ.

ಮುಂದಿನ ಮಾತು ತಂಗಿಯದು. ನಾಟಕದಲ್ಲಿ ಆಗಷ್ಟೇ ತೀರಿಕೊಂಡ ಗಂಡನ ಪಕ್ಕ ಕೂತು ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಜನ ಇನ್ನೂ ನಗುತ್ತಿದ್ದರು. ನಾನು ಹೇಳಿಕೊಟ್ಟಂತೆ ಬಾಯಿ ತೆರೆದರೆ ಅವಳ ಕಥೆ ಮುಗಿಯಿತು. ನಾನು ಕೈ ಇಳಿಸಿ ಬೆನ್ನ ಹಿಂದೆ ಕಟ್ಟಿಕೊಂಡು, ನಿನ್ನ ಧಾಟಿಯಲ್ಲೇ ಹೇಳು ಎಂಬಂತೆ ತಲೆಯಾಡಿಸಿದೆ.

ತಂಗಿ ತನ್ನ ಮಾತಿನಲ್ಲೇ ಶುರುಮಾಡಿದಳು, ಬಾಲ ಎಳೆದುಕೊಂಡು: "ಎದ್ದೇಳಿ... ಊಟಕ್ಕೆ ಹೊತ್ತಾಯ್ತು..." ಆ ಎಳೆತ ಉದ್ದವಾಗುತ್ತಾ ಯಾವಾಗ ಹಾಡಾಯಿತೋ ತಿಳಿಯಲಿಲ್ಲ. ನಗು ನಿಂತಿತು. ಮುಂದಿನ ಸಾಲಿನ ಅಜ್ಜ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅಳತೊಡಗಿದ. ನನಗೂ ತಡೆಯಲಾಗಲಿಲ್ಲ. ನಮ್ಮ ಅಮ್ಮ ಅಪ್ಪನನ್ನು ಊಟಕ್ಕೆ ಕರೆಯುತ್ತಿದ್ದುದು ಥೇಟ್ ಹೀಗೆಯೇ.

ಪರದೆ ಬಿದ್ದ ಮೇಲೆ ನಿರ್ದೇಶಕ ನಾದಿನಿಯತ್ತ ತಿರುಗಿ, "ನೀನು ಬಣ್ಣ ತೊಳ್ಕೊಳಮ್ಮ," ಎಂದ. ತಂಗಿ ನನ್ನ ಬಳಿ ಬಂದಳು.

"ಬೈಬೇಡ ಅಕ್ಕಾ. ನೀನು ಕಲಿಸಿದ್ದೆಲ್ಲ ಮರೆತೇಹೋಯ್ತು."

"ಒಳ್ಳೇದಾಯ್ತು ಬಿಡು," ಎಂದೆ, ನಾನೂ ಬಾಲ ಎಳೆದು. ಮೈಕಿನ ಮುಂದೆ ಕೂರುವ ಮೊದಲು ನಾನಾಡುತ್ತಿದ್ದ, ಆಮೇಲೆ ಅಮ್ಮನ ಜೊತೆಗಷ್ಟೇ ಉಳಿದಿದ್ದ ಎಳೆತ ಅದು. ತಾನಾಗಿಯೇ ಬಾಯಿಗೆ ಬಂದಿತ್ತು.

ತಂಗಿ ನನ್ನ ಮುಖ ನೋಡಿ ನಕ್ಕಳು, ಆಮೇಲೆ ಅತ್ತಳು. "ಅಮ್ಮ ಹೋದ್ಮೇಲೆ ನೀನು ಹೀಗೆ ಮಾತಾಡಿದ್ದು ಇವತ್ತೇ ಕಣೇ."